ತಾರಾಳ ಕೈ ಎಳೆದವರು

ಬೈಲಹೊಂಗಲ
೧೪-೨-೧೯೭೪

ಪ್ರೀತಿಯ ನರ್ಮದಾ,

ಧಾರವಾಡದ ಹಾಸ್ಟೆಲಿನ ಊಟ ಒಗ್ಗಿತೇ? ಕೆಮ್ಮು ನಿಂತಿತೇ? ಬಿ.ಎಡ್. ಪರೀಕ್ಷೆ ಮುಗಿಯುವವರೆಗೆ ಮನೆಯ ಚಿಂತೆ ಬಿಡು. ನಿನ್ನ ಮಗಳು ತಾರಾ ಈಗ ಎರಡೂ ಕೈಯಿಂದ ಉಣ್ಣುತ್ತಿದ್ದಾಳೆ. "ಈಗ" ಎಂದೇಕೆ ಬರೆದೆ? ಕೇಳು, ಮಗಳೇ, ಕೇಳು!

ಸೋಮವಾರ ಅಂಗಳದಲ್ಲಿ ಅವಳಿಗೆ ರಾಜಕುಮಾರಿ ಆಕಾಶಕ್ಕೆ ಹಾರುವ ಸೀನು ತೋರಿಸಹೋದೆ. ಕಂಪನಿ ನಾಟಕದಲ್ಲಿ ಇಪ್ಪತ್ತು ವರ್ಷ ರಾಜನ ಪಾರ್ಟು ಮಾಡಿದವನು ಎರಡು ವರ್ಷದ ಮೊಮ್ಮಗಳನ್ನು ಮೆಲ್ಲಗೆ ಎತ್ತುತ್ತಾನೆಯೇ? ಮುಂಗೈ ಎರಡೂ ಹಿಡಿದು ಗರಗರ ತಿರುಗಿಸಿದೆ. ನಕ್ಕಳು, ಮರುಕ್ಷಣವೇ ಚೀರಿದಳು. ಎಡಗೈ ಜೋತುಬಿತ್ತು. ಬಾವು ಇಲ್ಲ, ಗಾಯ ಇಲ್ಲ. ಪೇಢಾ ತೋರಿಸಿದರೂ ಆ ಕೈ ಏಳಲೊಲ್ಲದು. ನಿಮ್ಮವ್ವ ಓಡಿ ಬಂದಳು. ಅವಳ ಕಣ್ಣು ಕಂಡದ್ದೇ ತಡ, "ಕಟ್ಟೀ ಮ್ಯಾಲಿಂದ ಬಿದ್ದಳು" ಎಂದುಬಿಟ್ಟೆ.

ಡಾಕ್ಟರ್ ಅಂದಾನೆಪ್ಪನವರ ದವಾಖಾನೆಯಲ್ಲಿ ಆ ಬಿದ್ದ ಪ್ರಸಂಗವನ್ನು ಅಭಿನಯಿಸಿಯೇ ತೋರಿಸಿದೆ. ಕಟ್ಟೆ ಎಷ್ಟೆತ್ತರ, ಮಗು ಎಷ್ಟು ಸಲ ಉರುಳಿತು, ಎಲ್ಲ! ಕಾಯುತ್ತಿದ್ದ ರೋಗಿಗಳು ಕಣ್ಣೊರೆಸಿಕೊಂಡರು. ಕೆಟ್ಟದ್ದೇನೆಂದರೆ, ಡಾಕ್ಟರರೂ ನಂಬಿದರು. "ಎಲುಬು ಮುರದಿದ್ರ ನಾ ಕೈ ತಿರುವಂಗಿಲ್ರಿ. ಬೆಳಗಾವಿಗೆ ಒಯ್ದು ಎಕ್ಸ್‌ರೇ ತಗಸ್ರಿ. ಮೂರು ವಾರ ಪ್ಲಾಸ್ಟರ್ ಆದೀತು" ಎಂದು ಕೈಗೆ ಪಟ್ಟಿ ಕಟ್ಟಲು ಹೊರಟರು. ತಾರಾ ನನ್ನತ್ತಲೇ ನೋಡುತ್ತಿದ್ದಳು. ಎಂದೂ ಮೈಕು ಬೇಡದ ನನ್ನ ದನಿ ಪಿಸುಗುಟ್ಟಿತು: "ಸಾಹೇಬ್ರ, ಕೂಸು ಬಿದ್ದಿಲ್ರಿ. ನಾನ ಕೈ ಹಿಡದು ತಿರುಗಿಸೇನ್ರಿ."

"ಮೊದಲ ಹೇಳಬಾರದೇನ್ರಿ, ಅಜ್ಜಾರ!" ಎಂದವರೇ ಒಂದು ಕೈಯಿಂದ ಮೊಣಕೈ ಹಿಡಿದು, ಇನ್ನೊಂದರಿಂದ ಮಗುವಿನ ಅಂಗೈಯನ್ನು ಮೇಲಕ್ಕೆ ತಿರುವಿ ತೋಳು ಮಡಚಿದರು. ಟಕ್! ಐದು ನಿಮಿಷಕ್ಕೆ ತಾರಾ ಅದೇ ಕೈಯಿಂದ ಅವರ ಮೂಗಿನ ಮೇಲಿನ ಚಾಳೀಸು ಕಿತ್ತಳು. "ಸಣ್ಣ ಕೂಸಿನ ಸಂದು ಹಿಂಗ ಜಾರತದ್ರಿ. ಬಗಲಾಗ ಕೈ ಕೊಟ್ಟು ಎತ್ರಿ" ಎಂದರು. ನಿಮ್ಮವ್ವನ ತೀರ್ಪು ಬೇರೆ: "ಇನ್ನ ಮ್ಯಾಲೆ ಕೂಸಿಗೆ ಕೈ ಹಚ್ಚಿದ್ರ ನೋಡ್ರಿ!" ಮೂರು ದಿನದಿಂದ ನಾನು ಅಂಗಳದ ಈಚೆ, ಮೊಮ್ಮಗಳು ಆಚೆ.

ಪರೀಕ್ಷೆ ಬರೆಯುವಾಗ ನಿನ್ನ ಕೈ ಎಲ್ಲೂ ತಡವರಿಸದಿರಲೆಂದು ಹರಸುವ,
ನಿನ್ನ ಅಪ್ಪ,
ನೀಲಕಂಠ

ತಾ.ಕ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ಅಂಗಿ ತೊಡಿಸುವಾಗ ತೋಳಿನಿಂದ ಕೈ ಎಳೆಯಹೋಗಿ ಅದೇ ಮೊಣಕೈ ಮತ್ತೆ ಜಾರಿತು. ಗಾಬರಿಯಾಗಬೇಡ, ಡಾಕ್ಟರರು ಕೂಡಿಸಿದ್ದಾರೆ. "ಮತ್ತ ನೀವಽ ಏನ್ರಿ?" ಎಂದು ಬೈದರು, ನಾನೇ ಹೌದೆಂದೆ. ಆಗಿನಿಂದ ತಾರಾ ನನ್ನ ತೊಡೆಯ ಮೇಲೆಯೇ ಇದ್ದಾಳೆ, ಯಾರೂ ಬೇಡವೆಂದಿಲ್ಲ. ಈ ಸಲ ಎಳೆದವನು ನಾನಲ್ಲ. ಯಾರೆಂದು ಬರೆಯಲಾರೆ, ಪಕ್ಕದಲ್ಲೇ ಕುಳಿತು ಈ ಕಾಗದ ಓದುತ್ತಿದ್ದಾಳೆ.