ಹಾರ ಹಾಕಿದ ಗಾಡಿ

ಶಿವರಂಜನಿ ಮೇಡಂ ಅವರಿಗೆ ನಮಸ್ಕಾರ.

ನಾನು ಭುವನಾಳ ಅಪ್ಪ. ದೊಡ್ಡ ವಾಹನಗಳಿಗೆ ಹೆಚ್ಚು ತೆರಿಗೆ ಬೇಕೇ ಎಂಬ ಚರ್ಚಾಸ್ಪರ್ಧೆಯ ದಿನ, ಪೂಜೆ ಮುಗಿಸಿದ ನನ್ನ ಹೊಸ ದೊಡ್ಡ ಡೀಸೆಲ್ ಗಾಡಿಯನ್ನು ಹಾರದ ಸಮೇತ ಶಾಲೆಯ ಅಂಗಳಕ್ಕೆ ತಂದು ಹಾರ್ನ್ ಹೊಡೆದವನು ನಾನೇ. ಮಕ್ಕಳು ನಕ್ಕರು. ತೆರಿಗೆಯ ಪರ ಮಾತಾಡುತ್ತಿದ್ದ ಭುವನಾ ಅರ್ಧಕ್ಕೇ ನಿಲ್ಲಿಸಿ ಕೂತಳಂತೆ.

ಆ ಭಾಷಣವನ್ನು ಅವಳು ಮೂರು ಸಂಜೆ ನನಗೆ ಓದಿ ಹೇಳಿದ್ದಳು. ನಾನು ಫೋನಿನಲ್ಲಿ ಗಾಡಿಯ ಬಣ್ಣ ನೋಡುತ್ತಾ ಹೂಂಗುಟ್ಟಿದ್ದೆ.

ಮನೆಗೆ ಬಂದವಳು, ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ನಮ್ಮ ಹೊಲದ ಕಡೆ ನೋಡಿ, "ಅಲ್ಲಿ ಬಿಸಿಲಲ್ಲೇ ಕರೆಂಟು ಮಾಡ್ತಾವ್ರೆ. ನಿಂಗ್ಯಾಕಪ್ಪಾ ಇಂಥ ಗಾಡಿ?" ಅಂದಳು.

ದಯವಿಟ್ಟು ಅವಳಿಗೆ ಇನ್ನೊಂದು ಅವಕಾಶ ಕೊಡಿ. ಬಸ್ಸಿನಲ್ಲಿ ಕರೆತರುತ್ತೇನೆ. ಹಿಂದಿನ ಬೆಂಚಿನಲ್ಲಿ ನನಗೂ ಜಾಗ ಇರಲಿ. ಅವಳು ಏನು ಬರೆದಿದ್ದಳೆಂದು ನನಗಿನ್ನೂ ಗೊತ್ತಿಲ್ಲ.

ತಪ್ಪು ಒಪ್ಪಿಕೊಂಡು,
ಪ್ರಭುದೇವ್, ತಿರುಮಣಿ