ಮಾಳದ ಜೊತೆ ಹೋದ ಭಾವ

ಮಂಜಗುಣಿ, ತಾಲೂಕು ಅಂಕೋಲೆ
ಶ್ರಾವಣ ವದ್ಯ ಪಂಚಮಿ, ಗುರುವಾರ, ಇಸವಿ ೧೯೩೭

ಪ್ರೀತಿಯ ಹುಲಿಯಾ,

ಕದ್ವಾಡದಲ್ಲಿ ನೀವೆಲ್ಲ ಹೇಗಿದ್ದೀರಿ? ಮಂಜಿಯ ಮೊಣಕಾಲು ನೋವು ಈ ಮಳೆಗೆ ಏರಿತೋ, ಇಳಿಯಿತೋ? ಬಾಳಾನ ಕಿವಿ ಸೋರುವುದು ನಿಂತಿತೇ? ನಿಲ್ಲದಿದ್ದರೆ ಹೊಳೆಯಲ್ಲಿ ಮುಳುಗಿ ಈಜಲು ಬಿಡಬೇಡ. ಇದನ್ನು ನಿನಗೆ ಓದಿ ಹೇಳುತ್ತಿರುವ ಗಂಗೆ ಆರಾಮವಾಗಿದ್ದಾಳೆಯೇ? ನಾವು ಐದು ವರ್ಷದಿಂದ ಮಾತು ಬಿಟ್ಟಿದ್ದರೂ ನಿಮ್ಮ ಮನೆಯ ಸುದ್ದಿ ಸಂತೆಗೆ ಹೋದವರ ಬಾಯಿಂದ ನಿನ್ನ ಅಕ್ಕನ ಕಿವಿಗೆ ಬೀಳುತ್ತಲೇ ಇರುತ್ತದೆ, ಅಲ್ಲಿಂದ ನನ್ನ ಕಿವಿಗೂ. ಗಂಗೆ, ಮಗಾ, ಮುಂದಿನ ಸಾಲು ಓದುವ ಮೊದಲು ನಿನ್ನ ಅಪ್ಪನನ್ನು ಕೆಳಗೆ ಕೂರಿಸು. ಅವನ ಕೈಯಲ್ಲಿ ಕತ್ತಿಯಿದ್ದರೆ ತೆಗೆದಿಡು. ಬಾಯಲ್ಲಿ ಎಲೆಯಡಿಕೆಯ ಕವಳವಿದ್ದರೆ ಉಗಿದು ಬರಲು ಹೇಳು. ಕೂತನೇ? ಈಗ ಓದು. ಹುಲಿಯಾ, ನಾನು ನಿನ್ನ ಭಾವ ಬೊಮ್ಮು. ನಾನು ಸತ್ತಿಲ್ಲ.

ಊರಿನ ಕೋಲಕಾರ ಬಂದು ನಿನಗೆ ಮುಟ್ಟಿಸಿದ ಸುದ್ದಿ ಸುಳ್ಳಲ್ಲ. ಅವನು ಹೊರಟಾಗ ನಾನು ಇಡೀ ಊರಿನ ಲೆಕ್ಕದಲ್ಲಿ ಸತ್ತೇ ಇದ್ದೆ. ಆ ಮೇಲೆ ಬದುಕಿದ್ದು ನನ್ನದೇ ತಪ್ಪು ಎನ್ನುವ ಹಾಗೆ ಈಗ ಎಲ್ಲರೂ ನೋಡುತ್ತಿದ್ದಾರೆ. ಅಕ್ಷರ ಸೊಟ್ಟಗಿದ್ದರೆ ಭೂತದ ಕೈಬರಹ ಎಂದುಕೊಳ್ಳಬೇಡ. ನನ್ನದು ಶಾಲೆಯ ಜಗಲಿಯ ಹೊರಗೆ ಕೂತು, ಮಾಸ್ತರರು ಒಳಗೆ ಬೈಯುತ್ತಿದ್ದುದನ್ನು ಕೇಳಿ ಕಲಿತ ವಿದ್ಯೆ. ಅದಕ್ಕೆ ಅಕ್ಷರಗಳೆಲ್ಲ ಪೆಟ್ಟು ತಿಂದ ಮಕ್ಕಳ ಹಾಗೆ ಬಾಗಿವೆ.

ನಡೆದದ್ದು ಹೀಗೆ. ನಾಗರಪಂಚಮಿಯ ಹಿಂದಿನ ದಿನ ಇಲ್ಲಿ ಬಿಸಿಲಿತ್ತು. ನಿನ್ನ ಅಕ್ಕ ಅಂಗಳದಲ್ಲಿ ಒದ್ದೆ ಬಟ್ಟೆ ಹರವಿದ್ದಳು, ಅಷ್ಟು ಬಿಸಿಲು. ಆದರೆ ಘಟ್ಟದ ಮೇಲೆ ಮೂರು ದಿನದಿಂದ ಕರ್ರಗೆ ಕವಿದುಕೊಂಡಿತ್ತು. ನಾನು ಹೊಳೆಯಂಚಿನ ಗಜನಿ ಗದ್ದೆಯ ಕಟ್ಟು ಎಲ್ಲಿಯಾದರೂ ಬಿರಿದಿದೆಯೇ ಎಂದು ನೋಡಿಕೊಂಡು, ಮಧ್ಯಾಹ್ನ ಮಾಳ ಹತ್ತಿ ಕೂತಿದ್ದೆ. ಯಾವ ಮಾಳ ಎಂದು ನಿನಗೆ ಹೇಳಬೇಕಾಗಿಲ್ಲ. ಕಾವಲು ಕೂರಲು ನಾಲ್ಕು ಕಂಬ ನೆಟ್ಟು, ಮೇಲೆ ಅಟ್ಟ ಬಿಗಿದು, ತೆಂಗಿನ ಮಡಲು ಹೊದಿಸಿದ್ದು. ನೀನೂ ನಾನೂ ಸೇರಿ ಕಟ್ಟಲು ಹೊರಟು, ನಾನೊಬ್ಬನೇ ಮುಗಿಸಿದ್ದು. ಇದ್ದಕ್ಕಿದ್ದ ಹಾಗೆ ಹೊಳೆಯ ಬಣ್ಣ ತಿರುಗಿತು. ಕಾಡಿನ ಮಣ್ಣಿನ ವಾಸನೆ ಬಂತು, ಆಮೇಲೆ ಸದ್ದು, ಸದ್ದಿನ ಹಿಂದೆಯೇ ನೀರು. ಒಂದು ಕವಳ ಹಾಕಿ ಮುಗಿಸುವಷ್ಟರಲ್ಲಿ ಕಟ್ಟು ಕಾಣದಾಯಿತು.

ಮೇಲಿನ ದಿಬ್ಬದಲ್ಲಿ ಊರವರೆಲ್ಲ ಸೇರಿ ಕೂಗುತ್ತಿದ್ದರು. ನಿನ್ನ ಅಕ್ಕನ ದನಿ ಎಲ್ಲರಿಗಿಂತ ಮೇಲೆ: "ಇಳ್ದು ಬಾರೋ ಮಾರಾಯಾ, ಇನ್ನೂ ಸೊಂಟದ ಮಟ್ಟ ಅದೆ!" ನಾನು ಇಳಿದೆನೇ? ಇಳಿದಿದ್ದರೆ, ಮಾಳ ನಿಲ್ಲದು ಎಂದು ಅಂದು ನೀನು ಹೇಳಿದ್ದೇ ನಿಜವಾಗುತ್ತಿತ್ತಲ್ಲ. "ಈ ಮಾಳ ಎಲ್ಲೂ ಹೋಗೂದಿಲ್ಲ!" ಎಂದು ಮೇಲಿನಿಂದ ಕೈ ಬೀಸಿ ಕೂಗಿದೆ. ಕೂಗುತ್ತಿರುವಾಗಲೇ ಒಂದು ವಿಚಿತ್ರ ಕಂಡೆ. ದಿಬ್ಬವೂ, ದಿಬ್ಬದ ಮೇಲಿನ ಜನವೂ, ನಿನ್ನ ಅಕ್ಕನೂ, ತೆಂಗಿನ ಮರಗಳೂ ಸಾಲಾಗಿ ಘಟ್ಟದ ಕಡೆ ಹೊರಟಿದ್ದವು. ನನ್ನನ್ನು ಒಬ್ಬನೇ ಬಿಟ್ಟು ಊರಿಗೆ ಊರೇ ಹೋಗುತ್ತಿದೆಯಲ್ಲ ಎಂದು ಸಿಟ್ಟು ಬಂದು, "ಎಲ್ಲಿ ಹೊಂಟ್ರಿ ನೀವೆಲ್ಲ?" ಎಂದು ಕೇಳಿದೆ. ಅವರು ಏನೋ ಉತ್ತರ ಕೊಟ್ಟರು, ಕೇಳಿಸಲಿಲ್ಲ. ವೆಂಕಟರಮಣ ದೇವರ ಗುಡಿಯೂ ನನ್ನ ಎಡಗಡೆಯಿಂದ ಘಟ್ಟಕ್ಕೆ ಹೊರಟಾಗಲೇ ನನಗೆ ಗೊತ್ತಾದದ್ದು, ದೇವರು ಹಾಗೆಲ್ಲ ಊರು ಬಿಡುವವನಲ್ಲ, ಹೊರಟದ್ದು ನಾನು ಎಂದು.

ಅಲ್ಲಿಂದ ಮುಂದೆ ಹೆಚ್ಚು ನೆನಪಿಲ್ಲ. ಮಳೆಗೆಂದು ಬೆನ್ನ ಮೇಲೆ ಹೊದ್ದಿದ್ದ ಎಲೆಯ ಗೊರಬು ಗಾಳಿಗೆ ಹಾರಿ ಹೋಯಿತು. ಕಂಬಗಳು ಕೆಳಗಿನಿಂದ ಕಳಚಿಕೊಂಡವು. ಅಟ್ಟ ಮಾತ್ರ ತೆಪ್ಪದ ಹಾಗೆ ತೇಲಿತು. ನಾನು ಅದನ್ನು ಅಪ್ಪಿಕೊಂಡು ಬಿದ್ದಿದ್ದೆ. ಅಳಿವೆಯ ಅಲೆ ನಮ್ಮಿಬ್ಬರನ್ನೂ ಎತ್ತಿ ಆಚೆ ದಂಡೆಗೆ, ಗಂಗಾವಳಿ ಊರಿನ ಮರಳಿಗೆ ಎಸೆಯಿತು. ನೆರೆ ಬಂದ ಮೇಲೆ ಘಟ್ಟದಿಂದ ಬಂದ ಮರ ಹಿಡಿಯಲು ಅಲ್ಲಿಯವರು ದಂಡೆಗೆ ಬರುತ್ತಾರೆ, ಗೊತ್ತಲ್ಲ. ಮೊದಲು ಕೈ ಹಚ್ಚಿದವರದೇ ಮರ. ಹೀರಾ ಎಂಬ ಹೆಂಗಸು ಓಡಿ ಬಂದು ನನ್ನ ಕಾಲು ಹಿಡಿದು, "ಇದು ನಂದು, ಯಾರೂ ಮುಟ್ಟಬೇಡಿ" ಎಂದಳಂತೆ. ಇನ್ನೊಬ್ಬಳು ತಲೆಯ ಕಡೆ ಹಿಡಿದು ಜಗಳಕ್ಕೆ ನಿಂತಳಂತೆ. ಇಬ್ಬರೂ ಎಳೆದಾಡುವಾಗ ನಾನು ನರಳಿದೆ. "ಅಗೇ, ಈ ಮರಕ್ಕೆ ಗಡ್ಡ ಅದೆ!" ಎಂದು ಹೀರಾ ಕಾಲು ಬಿಟ್ಟು ಓಡಿದಳು. ಆದರೂ ಮಾತಿಗೆ ತಪ್ಪಲಿಲ್ಲ. ತನ್ನ ಮರ ಎಂದವಳು ತನ್ನ ಮನೆಗೇ ಹೊರಿಸಿಕೊಂಡು ಹೋಗಿ, ಜ್ವರ ಇಳಿಯುವವರೆಗೆ ಗಂಜಿ ಕುಡಿಸಿದಳು. ಅವಳ ಮಕ್ಕಳು ನನ್ನನ್ನು ಈಗಲೂ ಮರದಜ್ಜ ಎನ್ನುತ್ತಾರೆ.

ಎದ್ದು ಕೂರುವಂತಾದ ದಿನ ದಂಡೆಗೆ ಬಂದು ನಮ್ಮ ಊರಿನ ಕಡೆ ನೋಡಿದೆ. ನಡುವೆ ಹೊಳೆ ಇನ್ನೂ ಅಬ್ಬರಿಸುತ್ತಿತ್ತು. ತಾರಿ ದೋಣಿ ನೆರೆಯಲ್ಲಿ ಹೋಗಿತ್ತು, ದಾಟುವುದಕ್ಕೆ ದಾರಿಯಿಲ್ಲ. ನಮ್ಮ ದಡದಲ್ಲಿ ಹೊಗೆ ಏಳುತ್ತಿತ್ತು. ಯಾರು ತೀರಿಕೊಂಡರು ಎಂದು ಪಕ್ಕದವನನ್ನು ಕೇಳಿದೆ. "ಯಾರೋ ಬೊಮ್ಮು ಗೌಡ ಅಂಬವ್ನಂತೆ. ಗಟ್ಟಿ ಹಟದವ್ನಂತೆ" ಎಂದ. ಪಾಪ ಎಂದು ತಲೆಯ ಪಂಚೆ ತೆಗೆದು ಕೈ ಮುಗಿದೆ. ಮುಗಿದ ಮೇಲೆ ಹೊಳೆಯಿತು. ಎದ್ದು ನಿಂತು ಎರಡೂ ಕೈ ಬೀಸಿದೆ. ಆಚೆ ದಡದಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿದಳು, ನೋಡಿ ಬೆನ್ನು ತಿರುಗಿಸಿದಳು. ಅದು ನಿನ್ನ ಅಕ್ಕ. ಆಮೇಲೆ ಗೊತ್ತಾಯಿತು, ಸತ್ತವರು ಆಚೆ ದಡದಿಂದ ಕರೆದರೆ ಓಗೊಡಬಾರದು ಎಂದು ಹಿರಿಯರು ಅವಳಿಗೆ ಹೇಳಿಕೊಟ್ಟಿದ್ದರಂತೆ.

ಅವರು ಸುಟ್ಟದ್ದು ನನ್ನ ಗೊರಬನ್ನು. ಅದು ಹೊಳೆಯಂಚಿನ ಕಾಂಡ್ಲ ಗಿಡಕ್ಕೆ ಸಿಕ್ಕಿಕೊಂಡಿತ್ತು. ಅಂಚಿಗೆ ನಿನ್ನ ಅಕ್ಕನ ಹಳೆಯ ಕೆಂಪು ಸೀರೆಯ ತುಂಡು ಹೊಲಿದಿತ್ತಲ್ಲ, ಅವಳೇ ಗುರುತು ಹಿಡಿದಳು. ಹೆಣ ಸಿಗದಿದ್ದರೆ ಮೈಮೇಲಿನದನ್ನು ಸುಡುವುದು ವಾಡಿಕೆ. ಆದರೆ ಹೊಸ ಗೊರಬು ಕಣೋ, ಈ ಮಳೆಗಾಲಕ್ಕೇ ಕಟ್ಟಿದ್ದು! ಮಗ ಜಟ್ಟು ತಲೆ ಬೋಳಿಸಿಕೊಂಡ, ಮೀಸೆಯನ್ನೂ ತೆಗೆಸಿದ. ಎಂಟು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ. ನಾನು ಬಂದದ್ದಕ್ಕೆ ಅವನಿಗೆ ಸಂತೋಷವಿದೆ, ಮೇಲ್ತುಟಿ ಮುಟ್ಟಿಕೊಂಡಾಗ ಮಾತ್ರ ನನ್ನ ಕಡೆ ಒಂದು ಥರ ನೋಡುತ್ತಾನೆ.

ಬೇರೆ ದೋಣಿ ಬಂದು ನಾನು ದಾಟಿದ್ದು ನನ್ನ ಸೂತಕ ಕಳೆಯುವ ಊಟದ ದಿನ. ಜನ ಎಲೆಯ ಮುಂದೆ ಕೂತಿದ್ದರು. ನನ್ನನ್ನು ಕಂಡು ಅರ್ಧ ಜನ ಓಡಿದರು, ಅರ್ಧ ಜನ ಊಟ ಬಿಟ್ಟು ಹೇಗೆ ಏಳುವುದೆಂದು ಕೂತೇ ಇದ್ದರು. ಓಡದೆ ನೇರ ನನ್ನ ಬಳಿಗೆ ಬಂದವಳು ಮಾದೇವಿ ಒಬ್ಬಳೇ. ಅವಳ ಗಂಡ ಬೀರು, ನಮ್ಮ ತಾರಿಯ ಬೀರು, ಆ ದಿನ ಹೊಳೆಯ ನಡುವಿನ ಕುದುರಿನ ಮೇಲೆ ಸಿಕ್ಕಿಬಿದ್ದವರನ್ನು ಎರಡು ಸಲ ದೋಣಿಯಲ್ಲಿ ತಂದು ದಡಕ್ಕಿಳಿಸಿದ. ಮತ್ತೊಮ್ಮೆ ಹೋದವನು ಬರಲಿಲ್ಲ. ಅವಳು ನನ್ನ ಕೈ ಮುಟ್ಟಿ ನೋಡಿದಳು, ಬಿಸಿಯಿದೆಯೋ ಇಲ್ಲವೋ ಎಂದು. "ಬೊಮ್ಮಣ್ಣಾ, ದಾರಿ ಮೇಲೆ ಅವ್ರು ಕಂಡ್ರಾ?" ಎಂದು ಕೇಳಿದಳು. ಹುಲಿಯಾ, ಇಷ್ಟೆಲ್ಲ ತಮಾಷೆ ಬರೆಯುವ ನಾನು ಅವಳಿಗೆ ಇಲ್ಲ ಎಂದು ತಲೆಯಾಡಿಸಿದೆ. ಮೇಲಿನ ಊರುಗಳಲ್ಲಿ ಎಷ್ಟು ಜನ ಹೋದರೆಂದು ಇನ್ನೂ ಸರಿಯಾಗಿ ತಿಳಿದಿಲ್ಲ. ಹೋದ ದನಕರುಗಳ ಲೆಕ್ಕ ಕೇಳುವವರೇ ಇಲ್ಲ. ಮಾದೇವಿಯ ಗದ್ದೆಯ ಕೆಲಸ ಈ ವರ್ಷ ಜಟ್ಟು ನೋಡುತ್ತಾನೆ. ಅಷ್ಟು ಹೇಳಿ ಈ ವಿಷಯ ಬಿಡುತ್ತೇನೆ.

ಈಗ ನನ್ನ ಕಷ್ಟ ಕೇಳು. ನಿನ್ನ ಅಕ್ಕ ಹೊನ್ನಮ್ಮ ನನ್ನನ್ನು ಕಂಡು ಮೊದಲು ಚಿವುಟಿದಳು, ಆಮೇಲೆ ಅತ್ತಳು, ಆಮೇಲೆ "ಇಳ್ದು ಬಾ ಅಂದ್ರೆ ಇಳ್ದ್ಯಾ?" ಎಂದು ಊರಿನ ಎದುರೇ ಬೈದಳು. ಬೈದು ಮುಗಿದ ಮೇಲೆ ಒಳಗೆ ಹೋಗಲು ಹೊರಟ ನನಗೆ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಗಂಡ ಮಾಳದ ಸಂಗಡ ಹೋದ, ಸುಟ್ಟದ್ದೂ ಆಯ್ತು. ನೀ ಯಾರೋ ಏನೋ, ಹಂಗೇ ಒಳಗೆ ಬಿಡೂಕೆ ಬತ್ತದಾ?" ಎಂದಳು. ನ್ಯಾಯ ಬುಧವಂತನ ಹತ್ತಿರ ಹೋಯಿತು. ಊರಿನ ಕಟ್ಟುಕಟ್ಟಳೆ ನೋಡುವವನು ಅವನಲ್ಲವೇ? ಅವನು ನನ್ನ ಊಟದ ಎಲೆಯಿಂದಲೇ ಎದ್ದು, ಕೈ ತೊಳೆದು, ಕವಳ ಹಾಕಿ, ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟ. ಕರ್ಮ ಮುಗಿದ ಮನುಷ್ಯ ಮತ್ತೆ ಹುಟ್ಟಬೇಕು. ಹುಟ್ಟಿದ ಮಗುವನ್ನು ಅಕ್ಕಿ ಕೇರುವ ಗೆರಸಿಯಲ್ಲಿ ಮಲಗಿಸುತ್ತಾರಲ್ಲ, ಹಾಗೆ ನನ್ನನ್ನೂ ಗೆರಸಿಯಲ್ಲಿಟ್ಟು ಹೆಸರಿಡಬೇಕು. ಇಡೀ ನಾನು ಹಿಡಿಸುವುದಿಲ್ಲವಾದ್ದರಿಂದ ಎರಡು ಪಾದ ಇಟ್ಟರೆ ಸಾಕು ಎಂದು ದೊಡ್ಡ ಮನಸ್ಸು ಮಾಡಿದ್ದಾನೆ. ಹೆಸರಿಟ್ಟ ಮೇಲೆ ಹೊನ್ನಮ್ಮನ ಜೊತೆ ಮತ್ತೆ ಧಾರೆಯಾಗಬೇಕು. ಅಲ್ಲಿಯವರೆಗೆ ನಾನು ಮನೆಯೊಳಗೆ ಕಾಲಿಡುವಂತಿಲ್ಲ.

ಹಾಗಾಗಿ ಕೊಟ್ಟಿಗೆಯಲ್ಲಿ ಮಲಗುತ್ತೇನೆ. ಎಮ್ಮೆ ಮೊದಮೊದಲು ಬುಸುಗುಟ್ಟುತ್ತಿತ್ತು, ಈಗ ಒಗ್ಗಿಕೊಂಡಿದೆ. ನಿನ್ನ ಅಕ್ಕ ಬಾಳೆಲೆಯಲ್ಲಿ ಅನ್ನ ತಂದು ಅಂಗಳದಲ್ಲಿಟ್ಟು, "ಅಲ್ಲಿ ಇಟ್ಟಿದೆ, ಯಾರಾದ್ರೂ ಇದ್ರೆ ಉಣ್ಲಿ" ಎಂದು ಗಾಳಿಗೆ ಹೇಳಿ ಹೋಗುತ್ತಾಳೆ. ಆ ಎಲೆಯ ಮೂಲೆಯಲ್ಲಿ ದಿನವೂ ಹುರಿದ ಮೀನಿರುತ್ತದೆ, ಅದೂ ನಡುವಿನ ತುಂಡು. ಆದರೆ ಅವಳ ಕೊರಳು ಬರಿದು. ಬಾಲ್ಯದಿಂದ ಹಾಕಿಕೊಂಡಿದ್ದ ಮಣಿಸರಗಳನ್ನೆಲ್ಲ ತೆಗೆದು ಗೂಟಕ್ಕೆ ನೇತುಹಾಕಿದ್ದಾಳೆ. ಅವಳನ್ನು ಹಾಗೆ ನೋಡಲು ನನ್ನಿಂದಾಗುವುದಿಲ್ಲ. ಬೇಗ ಧಾರೆ ಮುಗಿಸೋಣ ಎಂದರೆ, "ಹೆಣ್ಣು ಕೊಡೂಕೆ ತವರಿನವ್ರು ಬ್ಯಾಡ್ವಾ? ಅಪ್ಪ ಇಲ್ಲ. ನನ್ನ ತಮ್ಮ ಬಂದು ಹಾಲು ಎರೆದ್ರೆ ಸೈ. ಇಲ್ದಿದ್ರೆ ಕೊಟ್ಟಿಗೆ ಅದೆ, ಎಮ್ಮೆ ಅದೆ" ಎನ್ನುತ್ತಾಳೆ.

ನೀನು ಬರುವುದಕ್ಕೆ ನಿನ್ನ ಆಣೆ ಅಡ್ಡವಿದೆ, ನನಗೆ ನೆನಪಿದೆ. "ಭಾವಾ, ಇದು ಹೊಳೆ ನಡೆಯೂ ದಾರಿ, ನೆರೆ ಬಂದ್ರೆ ಮಾಳ ಹೋತದೆ" ಎಂದೆ ನೀನು. "ಮಾಳ ಹೋದ್ರೆ ಅದ್ರ ಸಂಗಡ ನಾನೂ ಹೋತೆ" ಎಂದೆ ನಾನು. "ಹಂಗಾದ್ರೆ ನೀ ಹೋಗೂವರೆಗೆ ನಿನ್ನ ಹೊಸ್ಲು ತುಳಿಯೂದಿಲ್ಲ" ಎಂದು ನೀನು ತುಳಸಿಕಟ್ಟೆ ಮುಟ್ಟಿ ಹೊರಟೆ. ಈಗ ಸರಿಯಾಗಿ ಯೋಚಿಸು. ಮಾಳ ಹೋಯಿತು. ನಾನೂ ಹೋದೆ. ಸುಟ್ಟಾಯಿತು, ಊರು ಉಂಡೂ ಆಯಿತು. ನಿನ್ನ ಆಣೆ ತೀರಿತು. ನಾನು ಇನ್ನೂ ಹುಟ್ಟಿಲ್ಲ. ನಾನು ಹುಟ್ಟುವುದರೊಳಗೆ ನೀನು ಹೊಸ್ತಿಲು ದಾಟಿ ಒಳಗೆ ಬಂದುಬಿಡು. ನೀನು ಒಳಗೆ ಕೂತ ಮೇಲೆ ನಾನು ಹುಟ್ಟುತ್ತೇನೆ. ಬುಧವಂತ ಇದಕ್ಕೆ ಒಪ್ಪಿದ್ದಾನೆ.

ಕೋಲಕಾರ ನಿನ್ನ ಮನೆಯಿಂದ ಬಂದು ಹೇಳಿದ್ದನ್ನು ನಾನು ಕೇಳಿದೆ. ನೀನು "ಮಾಳವೂ ಹೋತಾ?" ಎಂದಷ್ಟೇ ಕೇಳಿದೆಯಂತೆ. "ನನ್ನ ಬಾಯಿ ಸುಡ್ಲಿ, ಯಾವ ಮುಖ ಹೊತ್ತು ಅಕ್ಕನ ಎದುರು ನಿಲ್ಲಲಿ" ಎಂದು ಕೂತೆಯಂತೆ. ಮೀನು ಬಿಟ್ಟೆಯಂತೆ. ಶ್ರಾವಣಕ್ಕೆ ಬಿಟ್ಟಿರಬೇಕು ಎಂದುಕೊಂಡೆ ಮೊದಲು. ಆದರೆ ಶ್ರಾವಣ ಸೋಮವಾರ ಎಂದು ನೀನು ಯಾವತ್ತು ಮೀನು ಬಿಟ್ಟವನು? ಕಾಳಿ ಹೊಳೆಯ ದಡದಲ್ಲಿ ಕೂತು ನನಗಾಗಿ ಮೀನು ಬಿಟ್ಟನಲ್ಲ ಹುಲಿಯಾ ಎಂದು ಕೊಟ್ಟಿಗೆಯಲ್ಲಿ ಒಬ್ಬನೇ ಕೂತು ಅತ್ತೆ. ಎಮ್ಮೆ ನೋಡಿತು. ನಿನ್ನ ಬಾಯಿ ಸುಡಬೇಕಾಗಿಲ್ಲ. ನೀನು ಹೇಳಿದ್ದು ಹೊಳೆಯ ದಾರಿ, ನನ್ನ ಸಾವಲ್ಲ. ಇವತ್ತೇ ಬಲೆ ಬೀಸು, ಹೊಟ್ಟೆ ತುಂಬ ಉಣ್ಣು.

ಮಂಜಿಗೆ, ಬಾಳಾನಿಗೆ ನನ್ನ ಆಶೀರ್ವಾದ. ಇಷ್ಟು ಉದ್ದ ಓದಿದ ಗಂಗೆಗೆ ಎರಡು ಪಾಲು. ಸತ್ತವನ ಆಶೀರ್ವಾದ ಹೆಚ್ಚು ಫಲಿಸುತ್ತದಂತೆ, ಇರುವಾಗಲೇ ತೆಗೆದುಕೊಳ್ಳಿ.

ಇಂತಿ,
ಹೊಸ ಹೆಸರಿಡುವವರೆಗೆ ನಿನ್ನ ಭಾವ,
ಬೊಮ್ಮು

ತಾ.ಕ.: ಗಂಗೆ, ಇದನ್ನು ಅಪ್ಪನಿಗೆ ಮೆಲ್ಲಗೆ ಓದು. ಹುಲಿಯಾ, ನಿನ್ನೆ ಬುಧವಂತನನ್ನು ಒಬ್ಬನನ್ನೇ ಹಿಡಿದು ಕೇಳಿದೆ. ಧಾರೆಗೆ ತಮ್ಮನೇ ಬರಬೇಕೆಂಬ ಕಟ್ಟಳೆಯೇ ಇಲ್ಲವಂತೆ, ಕುಲದ ಯಾರು ಎರೆದರೂ ಆಗುತ್ತದಂತೆ. ಅದು ನಿನ್ನ ಅಕ್ಕನಿಗೂ ಗೊತ್ತಂತೆ. ನನಗೆ ಗೊತ್ತಾಗಿದೆಯೆಂದು ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ. ಹೊಸ ಮಾಳಕ್ಕೆ ಜಾಗ ನೀನೇ ತೋರಿಸು, ಆದರೆ ಜನರ ಎದುರು ಬೇಡ. ಬರುತ್ತೇನೆಂದು ಕೂಡಲೇ ಒಂದು ಕಾಗದ ಹಾಕಿಸು. ನಾನು ಓದಿ ಹೇಳಿದರೆ ಅವಳು ನಂಬುವುದಿಲ್ಲ, ಕೊಟ್ಟಿಗೆಯಿಂದ ತಪ್ಪಿಸಿಕೊಳ್ಳಲು ನಾನೇ ಹುಟ್ಟಿಸಿದ್ದು ಎನ್ನುತ್ತಾಳೆ. ಅದಕ್ಕೆ ಅಕ್ಕ ತಮ್ಮ ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ, ಚಿಕ್ಕಂದಿನ ಒಂದು ಮಾತನ್ನೂ ಅದರಲ್ಲಿ ಬರೆಸು. ಬೇಗ ಬರೆಸು, ಗೂಟದಿಂದ ಮಣಿಸರ ಇಳಿಯಲಿ.