ಕೂಸಿನ ಕಾಲು ಹಿಡಿದದ್ದು

ಮಮ್ಮಿ,

ನೀನು ತೀರಿಕೊಂಡು ಮೂರು ವರ್ಷ, ನನ್ನ ಮದುವೆಯಾಗಿ ಇಪ್ಪತ್ತೆರಡು ದಿನ! ಈ ಯರಗಟ್ಟಿ ಮನೆ, ನನ್ನ ಹಸಿರು ಬಳೆ, ನನ್ನ ಗಂಡ ಮಲ್ಲಿಕಾರ್ಜುನನ ನಗು, ಎಲ್ಲಾ ನಿನಗೆ ಹೇಳಬೇಕು ಅಂತ ಎಷ್ಟು ಆಸೆಯಿತ್ತು! ಇವತ್ತು ಮಾತ್ರ ನನ್ನ ಕೈ ನನಗೇ ಹೇಸಿಗೆಯಾಗಿದೆ.

ಬಾಣಂತನಕ್ಕೆ ಬಂದಿರುವ ನಾದಿನಿ ರೇಣುವಿನ ಎಂಟು ದಿನದ ಕೂಸು ಕಾಮಾಲೆಯಿಂದ ಹಳದಿಯಾಗಿತ್ತು. ಬೆಳಿಗ್ಗೆ ಅತ್ತೆ ಸೂಜಿ ಕಾಯಿಸಿ ಅದರ ಹೊಟ್ಟೆಗೆ ಬರೆ ಎಳೆದರು. "ಹೊಸ ಸೊಸಿ ಅಂದ್ರ ಲಕ್ಷ್ಮಿ. ಬಾ ನನ್ನವ್ವಾ, ಕಾಲು ನೀನ ಹಿಡಿ," ಅಂದರು. ಅಷ್ಟು ಪ್ರೀತಿಯಿಂದ ಕರೆದರು, ಮಮ್ಮಿ. ಹಿಡಿದೆ. ಸುಟ್ಟ ಚರ್ಮದ ಆ ವಾಸನೆ, ಥೂ!

ಚಿಕ್ಕವಳಿದ್ದಾಗ ನೀನು ನರ್ಸ್ ಆಗಿದ್ದ ಆಸ್ಪತ್ರೆಗೆ ಬಂದು, "ಕೂಸಿಗೆ ನೀಲಿ ಲೈಟ್ ಯಾಕ?" ಅಂತ ಕೇಳಿದ್ದೆ. ಆ ಬೆಳಕು ಹಳದಿಯನ್ನು ಕರಗಿಸುತ್ತದೆ ಅಂದಿದ್ದೆ ನೀನು. ಕಾಲು ಹಿಡಿದಾಗಲೇ ನನಗದು ನೆನಪಾಗಿತ್ತು.

ಮಧ್ಯಾಹ್ನ ಕೂಸಿಗೆ ಜ್ವರ ಏರಿ ಆಸ್ಪತ್ರೆಗೆ ಓಡಿದೆವು. ಹೊಟ್ಟೆ ನೋಡಿ ಡಾಕ್ಟರ್ ಕೂಗಾಡಿದರು: "ಮನ್ಯಾಗ ಓದಿದವರು ಒಬ್ಬರೂ ಇರಲಿಲ್ಲೇನ್ರಿ?"

ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೆಮ್ಮೆಯಿಂದ ಹೇಳಿದರು: "ಇದ್ದಳಲ್ರೀ! ನಮ್ಮ ಸೊಸಿ ಎಂ.ಎಸ್ಸಿ. ಓದ್ಯಾಳ. ಕಾಲು ಹಿಡಿದಾಕೀನ ಆಕಿ."